ಬೋನಿಗೆ ಬೊಟ್ಟಿಟ್ಟ ಬಸಮ್ಮ

ಕಣಕಟ್ಟೆ ಹೋಬಳಿಯ ಆ ಊರಿನಲ್ಲಿ ಒಬ್ಬೊಬ್ಬರಿಗೆ ಎರಡೆರಡು ಹೆಸರು. ಮೊದಲನೆಯದು ತೊಟ್ಟಿಲಿಗೆ ಹಾಕಿದಾಗ ಅಪ್ಪ ಅಮ್ಮ ಇಟ್ಟದ್ದು, ಅದು ಆಧಾರ್ ಕಾರ್ಡಿನಲ್ಲಿರುತ್ತದೆ. ಎರಡನೆಯದು ಬಸಮ್ಮ ಇಟ್ಟದ್ದು, ಅದು ಜನರ ಬಾಯಲ್ಲಿರುತ್ತದೆ. ಲಗ್ನಪತ್ರಿಕೆಯಲ್ಲಿ ಬರೀ ಮೊದಲನೆಯದನ್ನು ಅಚ್ಚು ಹಾಕಿಸಿದರೆ ಅರ್ಧ ಊರಿಗೆ ಗಂಡು ಯಾರೆಂದೇ ತಿಳಿಯುವುದಿಲ್ಲ.

ತೆಂಗಿನ ತೋಟದ ಕಲ್ಲೇಶಪ್ಪನವರ ಹೆಂಡತಿ ಈ ಬಸಮ್ಮ. ವಯಸ್ಸು ಐವತ್ತೆಂಟು. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಬಾಯಿ ಮಾತ್ರ ಆಗ ತಾನೇ ಸಾಣೆ ಹಿಡಿದ ಕುಡುಗೋಲು. ತಾರೀಖು ಮುಗಿದ ಮೇಲೆ ಕಾಗದ ತರುವ ಪೋಸ್ಟ್‌ಮ್ಯಾನಿಗೆ ಅವಳು ಇಟ್ಟ ಹೆಸರು ಹಳೇ ಪಂಚಾಂಗ. ಪಂಚಾಯ್ತಿ ಮೆಂಬರ್ ಹೋದಲ್ಲೆಲ್ಲ ಹಿಂದೆ ಹೋಗುವವನು ಸ್ಟೆಪ್ನಿ. ಜಗಳ ಬಿಡಿಸಲು ಕರೆದರೆ ಇಬ್ಬರಿಗೂ ಹೌದೌದು ಅನ್ನುವ ಬೈಕ್ ರಿಪೇರಿಯ ಚನ್ನೇಶ ನ್ಯೂಟ್ರಲ್. ಸ್ವಂತ ಗಂಡನನ್ನೂ ಅವಳು ಬಿಟ್ಟವಳಲ್ಲ. ಮನೆಗೆ ಹೊಸ ಟೀವಿ ಬಂದ ವಾರವೇ, ದಿನಕ್ಕೆ ನಾಲ್ಕು ಮಾತಾಡುವ ಕಲ್ಲೇಶಪ್ಪನವರು ಮ್ಯೂಟು ಆಗಿಹೋದರು.

ಎಲ್ಲಕ್ಕಿಂತ ಸರಿಯಾಗಿ ಕೂತ ಹೆಸರು ಅವಳ ತೋಟದ ಆಳು ದ್ಯಾವಯ್ಯನದು. ಇಪ್ಪತ್ತಾರು ವರ್ಷದಿಂದ ಆ ತೋಟದಲ್ಲಿ ನೀರು ಕಟ್ಟುತ್ತಿರುವ ದ್ಯಾವಯ್ಯನ ಹೊಟ್ಟೆಯಲ್ಲಿ ಒಂದು ಮಾತೂ ಉಳಿಯುವುದಿಲ್ಲ. ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಹಾಲಿನ ಡೈರಿ, ಹಿಟ್ಟಿನ ಗಿರಣಿ, ಬಸ್ ಸ್ಟಾಪು ಮೂರನ್ನೂ ಸುತ್ತಿ, ಒಂದಕ್ಕೆ ಎರಡಾಗಿ ಸಂಜೆಗೆ ಬಸಮ್ಮನ ಮನೆಗೇ ವಾಪಸು ಬರುತ್ತಿತ್ತು. ಅವಳು ಅವನಿಗೆ ರೇಡಿಯೋ ಎಂದು ಹೆಸರಿಟ್ಟಳು. "ಇದ್ಕೆ ಆಫ್ ಮಾಡೋ ಗುಂಡಿನೇ ಇಲ್ಲ ಕಣ್ರೀ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ದ್ಯಾವಯ್ಯ ಅದಕ್ಕೂ ಹಲ್ಲು ಕಿರಿಯುತ್ತಿದ್ದ.

ಜನಕ್ಕೆ ಸಿಟ್ಟು ಬರುತ್ತಿರಲಿಲ್ಲವೇ? ಬರುತ್ತಿತ್ತು, ಯಾಕೆ ಬರುವುದಿಲ್ಲ! ಆದರೆ ತಿರುಗಿಸಿ ಅವಳಿಗೊಂದು ಹೆಸರಿಡೋಣವೆಂದರೆ ಸಂದಿ ಸಿಗಬೇಕಲ್ಲ. ಮಾಡುವ ಕೆಲಸದಲ್ಲಿ ತಪ್ಪಿಲ್ಲ, ಕೊಟ್ಟ ಮಾತಿಗೆ ತಪ್ಪಿಲ್ಲ, ಎಡವಿ ಬಿದ್ದದ್ದನ್ನು ಕಂಡವರಿಲ್ಲ. "ದೇವ್ರೇ, ಒಂದೇ ಒಂದ್ಸಲ ಈಯಮ್ಮ ಸಿಕ್ಕಾಕ್ಕೊಳ್ಳಿ" ಎಂದು ಮೂವತ್ತು ವರ್ಷದಿಂದ ಊರು ಕಾಯುತ್ತಿತ್ತು. ದೇವರು ಕೇಳಿಸಿಕೊಂಡ. ಆದರೆ ಊರಿಗೆ ತಿಳಿಸಲಿಲ್ಲ.

ಅದು ನಡೆದದ್ದು ನಾಲ್ಕು ವರ್ಷದ ಹಿಂದೆ. ಕಲ್ಲುಗುಡ್ಡದಿಂದ ಇಳಿದು ಬಂದ ಚಿರತೆಯೊಂದು ಊರಿನ ಎರಡು ನಾಯಿ ಹೊತ್ತುಕೊಂಡು ಹೋಯಿತು. ಆಮೇಲೆ ಬಸಮ್ಮನ ಕೊಟ್ಟಿಗೆಯ ಕರುವನ್ನೇ ಹಿಡಿಯಿತು. ಬಸಮ್ಮ ಪಂಚಾಯ್ತಿ ಮುಂದೆ ನಿಂತು ಅರಣ್ಯ ಇಲಾಖೆಯ ಏಳು ತಲೆಮಾರನ್ನೂ ಬೈದಳು. "ಹೊಡ್ದಾಕ್ರೀ ಅದನ್ನ, ಇಲ್ದಿದ್ರೆ ನನ್ ಕೈಗೆ ಕೋವಿ ಕೊಡ್ರಿ" ಎಂದಳು. ರೇಂಜ್ ಆಫೀಸರ್ ಶಿಲ್ಪಶ್ರೀ ಎನ್ನುವ ಹುಡುಗಿ, ವಯಸ್ಸು ಮೂವತ್ತೂ ಇರಲಾರದು, ಸಮಾಧಾನವಾಗಿ ಹೇಳಿದಳು: "ಅಮ್ಮಾ, ಆನೆ, ಹುಲಿಗೆ ಎಷ್ಟು ರಕ್ಷಣೆ ಇದೆಯೋ ಇದಕ್ಕೂ ಕಾನೂನಿನಲ್ಲಿ ಅಷ್ಟೇ ಇದೆ. ಹೊಡೆದವರಿಗೆ ಮೂರು ವರ್ಷಕ್ಕೆ ಕಡಿಮೆ ಇಲ್ಲದ ಜೈಲು. ಬೋನು ಇಡಿಸ್ತೀನಿ, ಹಿಡಿದು ದೂರ ಬಿಡೋಣ."

ಬೋನು ಬಂತು. ಬಸಮ್ಮನ ತೋಟದ ಮೇಲುಗಡೆ, ಗುಡ್ಡದ ಮಗ್ಗುಲಿನ ಎತ್ತರದ ಬಂಡೆಯ ಹತ್ತಿರ ಇಟ್ಟರು. ಆಳೆತ್ತರದ ಕಬ್ಬಿಣದ ಪಂಜರ. ಒಳಗಿನ ತಟ್ಟೆಯ ಮೇಲೆ ಕಾಲಿಟ್ಟರೆ ಮೇಲೆತ್ತಿದ ಬಾಗಿಲು ದಢಾರನೆ ಬೀಳುತ್ತದೆ, ಹೊರಗಿನಿಂದ ಎತ್ತದಿದ್ದರೆ ತೆರೆಯುವುದಿಲ್ಲ. ಅದನ್ನು ನೋಡಿಕೊಳ್ಳಲು ಬಂದ ಗಾರ್ಡ್ ಕರಿಬಸವಯ್ಯ ಬೋನಿನ ಹಿಂದಿನ ಖಾನೆಯಲ್ಲಿ ಒಂದು ನಾಯಿ ಕಟ್ಟಿದ. ನಾಯಿ ಬೊಗಳಬೇಕು, ಚಿರತೆ ಬರಬೇಕು, ಅದು ಲೆಕ್ಕ. ಆದರೆ ಕಟ್ಟಿದ ಜೀವವನ್ನು ನೋಡಿ ಬಸಮ್ಮನ ಕರುಳು ಕೇಳಲಿಲ್ಲ. ದಿನಾ ಎರಡು ಹೊತ್ತು ರೊಟ್ಟಿ, ಹಾಲು. ನಾಯಿ ತಿಂದು ತೇಗಿ ನಿದ್ದೆ ಹೊಡೆಯಿತೇ ಹೊರತು ಹನ್ನೊಂದು ದಿನದಲ್ಲಿ ಒಂದು ಸಲವೂ ಬೊಗಳಲಿಲ್ಲ. ಕೊನೆಗೆ ಆಯುಧಪೂಜೆಯ ಹಿಂದಿನ ದಿನ ಕರಿಬಸವಯ್ಯ "ನಾಯಿಗೂ ಹಬ್ಬ ಅಲ್ವೇನಮ್ಮ" ಎಂದು ಅದನ್ನು ಬಿಚ್ಚಿ ಕರೆದುಕೊಂಡು ತನ್ನ ಊರಿಗೆ ಹೋದ. ಬಾಗಿಲನ್ನು ಮಾತ್ರ ಎತ್ತಿದ ಹಾಗೆಯೇ ಬಿಟ್ಟು ಹೋದ.

ಇನ್ನು ಬಸಮ್ಮನ ಆಯುಧಪೂಜೆಯ ವಿಷಯ ಹೇಳಬೇಕು. ಬೇರೆಯವರು ಗಾಡಿ ತೊಳೆದು ನಿಂಬೆಹಣ್ಣು ಇಟ್ಟು ಮುಗಿಸುತ್ತಾರೆ. ಬಸಮ್ಮನ ಮನೆಯಲ್ಲಿ ಕಬ್ಬಿಣ ಅನ್ನುವ ಯಾವುದಕ್ಕೂ ಪೂಜೆ ತಪ್ಪುವಂತಿಲ್ಲ. ಮೋಟರ್ ಪಂಪು, ಕಾಯಿ ಸುಲಿಯುವ ಹಾರೆ, ಮಚ್ಚು, ಈಳಿಗೆಮಣೆ, ಮಿಕ್ಸಿ, ಗೇಟಿನ ಬೀಗ. ಒಂದು ವರ್ಷ ಕಲ್ಲೇಶಪ್ಪನವರ ಕನ್ನಡಕಕ್ಕೂ ವಿಭೂತಿ ಹಚ್ಚಿದ್ದರಿಂದ ಅವರು ಅರ್ಧ ದಿನ ಕಣ್ಣು ಕಾಣದೆ ತಡಕಾಡಿದ್ದರು. ವರ್ಷವಿಡೀ ದುಡಿಯುವ ಕಬ್ಬಿಣಕ್ಕೆ ಒಂದು ದಿನ ಬೊಟ್ಟಿಡದಿದ್ದರೆ ಅದು ಕೈ ಕೊಡುತ್ತದೆ ಎನ್ನುವುದು ಅವಳ ನಂಬಿಕೆ.

ಆ ಹಬ್ಬದ ಸಂಜೆ ಐದೂವರೆಗೆ ಮನೆಯ ಪೂಜೆಯೆಲ್ಲ ಮುಗಿಸಿ, ತೋಟದ ಪಂಪಿಗೆ ಮಂಗಳಾರತಿ ಮಾಡಿ ತಿರುಗಿದಾಗ ಅವಳ ಕಣ್ಣಿಗೆ ಬೋನು ಬಿತ್ತು. ಅಷ್ಟು ದೊಡ್ಡ ಕಬ್ಬಿಣ! ಹನ್ನೆರಡು ದಿನದಿಂದ ತನ್ನ ತೋಟದಲ್ಲೇ ನಿಂತಿದೆ. ಒಂದು ಹೂವಿಲ್ಲ, ಒಂದು ಕುಂಕುಮವಿಲ್ಲ. ಚಿರತೆ ಬೀಳದಿದ್ದದ್ದಕ್ಕೆ ಕಾರಣ ಅವಳಿಗೆ ಆಗಲೇ ಹೊಳೆದುಬಿಟ್ಟಿತು. "ಅಯ್ಯೋ ಶಿವನೇ, ಪೂಜೆನೇ ಮಾಡಿಲ್ಲ, ಎಲ್ಲಿಂದ ಬೀಳ್ತದೆ!" ಎಂದುಕೊಂಡು ತಟ್ಟೆ ಹಿಡಿದು ಹತ್ತಿದಳು. ಸರಳುಗಳಿಗೆ ಸಾಲಾಗಿ ವಿಭೂತಿ ಎಳೆದಳು. ಚೆಂಡುಹೂವಿನ ಸರ ಇಳಿಬಿಟ್ಟಳು. ಊದುಬತ್ತಿ ಸಿಕ್ಕಿಸಿದಳು. ಆಮೇಲೆ ಒಳಗಿನ ತಟ್ಟೆ ನೋಡಿದಳು. ಇಡೀ ಬೋನಿನಲ್ಲಿ ನಿಜವಾಗಿ ಕೆಲಸ ಮಾಡುವುದು ಅದೊಂದೇ, ಅದಕ್ಕೇ ಬೊಟ್ಟಿಲ್ಲವೆಂದರೆ ಹೇಗೆ? ತಲೆ ತಗ್ಗಿಸಿ ಒಳಗೆ ಹೋದಳು. ತಟ್ಟೆಗೆ ಕುಂಕುಮ ಹಚ್ಚಿ, ಎರಡೂ ಕೈಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ದಢಾರ್!

ಒಂದು ನಿಮಿಷ ಬಸಮ್ಮನಿಗೆ ಏನಾಯಿತೆಂದೇ ತಿಳಿಯಲಿಲ್ಲ. ತಿಳಿದ ಮೇಲೆ ಮೊದಲು ಬಾಗಿಲು ಎಳೆದಳು, ಆಮೇಲೆ ತಳ್ಳಿದಳು, ಆಮೇಲೆ ಕರಿಬಸವಯ್ಯನನ್ನು ಬೈದಳು. ಕೂಗೋಣವೆಂದು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡಳು. ಮನೆಯಲ್ಲಿ ಯಾರಿದ್ದರು ಗೊತ್ತೇ? ಹಳೇಬೀಡಿನಿಂದ ಬಂದ ಬೀಗಿತ್ತಿ ಪುಷ್ಪಲತಾ, ಅವರ ಹಿಂದೆ ಎಂಟು ಜನ ನೆಂಟರು. ಕೂಗಿದರೆ ಅವರೂ ಬರುತ್ತಾರೆ, ಊರೂ ಬರುತ್ತದೆ. ಹಳೇ ಪಂಚಾಂಗ ಬರುತ್ತಾನೆ, ಸ್ಟೆಪ್ನಿ ಬರುತ್ತಾನೆ, ಮೊಬೈಲು ಎತ್ತಿ ಫೋಟೋ ಹಿಡಿಯುತ್ತಾರೆ. ಮೂವತ್ತು ವರ್ಷದ ಬಾಕಿಯನ್ನೆಲ್ಲ ಒಂದೇ ಸಂಜೆಯಲ್ಲಿ ತೀರಿಸುತ್ತಾರೆ. ಬಸಮ್ಮ ಸೆರಗು ಸರಿ ಮಾಡಿಕೊಂಡು, ಪೂಜೆಯ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು, ಚಕ್ಕಂಬಕ್ಕಳ ಹಾಕಿ ಕೂತಳು. ಸೊಳ್ಳೆ ಕಚ್ಚಿದರೂ ಚಪ್ಪಾಳೆ ತಟ್ಟಲಿಲ್ಲ.

ಎತ್ತರದ ಬಂಡೆಯಾದ್ದರಿಂದ ಅಲ್ಲಿಂದ ಎಲ್ಲ ಕಾಣುತ್ತಿತ್ತು. ಸೂರ್ಯ ಮುಳುಗುವ ಹೊತ್ತಿಗೆ ಪಕ್ಕದ ತನ್ನ ತೋಟದಿಂದ ಚನ್ನೇಶ ಬಂದ. ಎರಡು ತೋಟದ ನಡುವಿನ ಬದುವಿನಲ್ಲಿ ಲಂಟಾನ ದಟ್ಟವಾಗಿ ಬೆಳೆದಿದೆ, ಅದರ ಮಧ್ಯೆ ಒಂದು ಕಂಡಿ. ಚನ್ನೇಶ ಅಲ್ಲಿ ಕುಕ್ಕರಗಾಲಿನಲ್ಲಿ ಕೂತು, ಚೀಲದಿಂದ ಬೈಕಿನ ಕ್ಲಚ್ ವೈರು ತೆಗೆದು, ಉರುಳು ಮಾಡಿ ಗೂಟಕ್ಕೆ ಬಿಗಿದ. ಹಂದಿಗೆ ಇಡುತ್ತಿದ್ದಾನೆ ಎಂದು ಬಸಮ್ಮನಿಗೆ ಗೊತ್ತಾಯಿತು. ಹೋಗುವ ಮುಂಚೆ ಅವನು ಜೇಬಿನಿಂದ ಪೊಟ್ಟಣ ತೆಗೆದು ಗೂಟಕ್ಕೊಂದು ಕುಂಕುಮದ ಬೊಟ್ಟಿಟ್ಟು, ಒಂದು ಚೆಂಡುಹೂವು ಸಿಕ್ಕಿಸಿ, ಕೈ ಮುಗಿದ. ಆಯುಧಪೂಜೆ ಅಲ್ಲವೇ, ಅವನದೂ ಕಬ್ಬಿಣವೇ. ಬೋನಿನೊಳಗೆ ಕೂತ ಬಸಮ್ಮನಿಗೆ ಆ ಹೊತ್ತಿನಲ್ಲೂ ನಗು ಬಂತು. ಬಾಯಿಗೆ ಸೆರಗು ತುರುಕಿಕೊಂಡಳು.

ಅವನು ಹೋಗಿ ಹತ್ತು ನಿಮಿಷವಾಗಿರಬಹುದು. ಬಂಡೆಯ ಹಿಂದಿನಿಂದ ಚಿರತೆ ಬಂತು.

ಸದ್ದೇ ಇಲ್ಲ. ಒಂದು ಕ್ಷಣ ಬರೀ ಬಂಡೆ, ಮರುಕ್ಷಣ ಬಂಡೆಯ ಮುಂದೆ ಅದು. ನಾಲ್ಕು ಮಾರು ದೂರ. ಬಸಮ್ಮನ ಜೀವ ಬಾಯಿಗೆ ಬಂತು, ಆಮೇಲೆ ಸರಳುಗಳನ್ನು ನೋಡಿ ವಾಪಸು ಹೋಯಿತು. ಚಿರತೆ ಬೋನನ್ನು ನೋಡಿತು, ಹೂವಿನ ಸರ ನೋಡಿತು, ಊದುಬತ್ತಿಯ ಹೊಗೆಗೆ ಮೂಗು ಸೊಟ್ಟ ಮಾಡಿತು. ಕೊನೆಗೆ ಒಳಗೆ ಕೂತವಳನ್ನು ನೋಡಿತು. ಬಸಮ್ಮನೂ ನೋಡಿದಳು. ಕರು ತಿಂದ ಪ್ರಾಣಿ ಇದು, ಬೈಯಬೇಕು. ಬೈಗುಳ ಬರಲಿಲ್ಲ. ಎಂಥ ಮೈ, ಎಂಥ ಕಣ್ಣು, ಶಿವಶಿವಾ! ಇಷ್ಟು ಚೆನ್ನಾಗಿರುವುದನ್ನು ಹೊಡೆದುಹಾಕಿ ಎಂದು ಕೂಗಾಡಿದ್ದು ತಾನೇನಾ ಅನ್ನಿಸಿತು. ಅದು ಅಲ್ಲೇ ಕೂತು ಮುಂಗಾಲು ನೆಕ್ಕಿಕೊಂಡಿತು, ಬಾಯಿ ಅಗಲ ಮಾಡಿ ಆಕಳಿಸಿತು, ಎದ್ದು ಗುಡ್ಡದ ಕಡೆಗೆ ಹೋಯಿತು. ಬೋನಿನೊಳಗೆ ಬಸಮ್ಮನನ್ನು ಕಂಡೂ ನಗದೆ ಹೋದ ಜೀವ ಅದೊಂದೇ. ಅದನ್ನು ಅವಳು ಯಾವತ್ತೂ ಮರೆಯಲಿಲ್ಲ.

ಆರೂ ಮುಕ್ಕಾಲಿಗೆ ಪಂಪ್ ಆಫ್ ಮಾಡಲು ದ್ಯಾವಯ್ಯ ಬಂದ. "ದ್ಯಾವಯ್ಯ, ಶ್" ಎಂದು ಬೋನು ಪಿಸುಗುಟ್ಟಿದ್ದು ಕೇಳಿ ಅವನು ಬ್ಯಾಟರಿ ಬೀಳಿಸಿದ. ಹತ್ತಿರ ಬಂದು ನೋಡಿದವನ ಮುಖ ಹೇಗಾಯಿತೆಂದು ಹೇಳುವುದು ಕಷ್ಟ.

"ಅಮ್ಮೋರೇ! ನೀವ್ಯಾಕೆ ಒಳೀಕೆ ಹೋದ್ರಿ?"

"ಬಾಯ್ ಮುಚ್ಕಂಡು ಬಾಗ್ಲೆತ್ತಯ್ಯ ಮೊದ್ಲು."

ಹೊರಗೆ ಬಂದ ಬಸಮ್ಮ ಮಾಡಿದ ಮೊದಲ ಕೆಲಸವೆಂದರೆ ಪೂಜೆಯ ತಟ್ಟೆಯನ್ನು ಅವನ ಮುಂದೆ ಹಿಡಿದದ್ದು. "ಈ ವಿಭೂತಿ ಮುಟ್ಟಿ ಹೇಳು. ಯಾರ್ ಕೇಳಿದ್ರೂ, ಏನ್ ಕೇಳಿದ್ರೂ, ಈ ವಿಷ್ಯ ಬಾಯ್ ಬಿಡಲ್ಲ ಅಂತ." ದ್ಯಾವಯ್ಯ ವಿಭೂತಿ ಮುಟ್ಟಿದ. "ಬಿಡಾಕಿಲ್ಲ ಅಮ್ಮೋರೇ" ಎಂದ. ಬಸಮ್ಮನಿಗೆ ನಂಬಿಕೆ ಬರಲಿಲ್ಲ. ರೇಡಿಯೋ ಮಾತು ಕೊಟ್ಟರೆ ಎಷ್ಟು ದಿನ? ನಾಳೆ ಮಧ್ಯಾಹ್ನದೊಳಗೆ ಡೈರಿಯಲ್ಲಿರುತ್ತದೆ ಎಂದುಕೊಂಡು ಮಲಗಿದಳು. ಅವಮಾನದ ಯೋಚನೆಯಲ್ಲಿ ಕ್ಲಚ್ ವೈರು ತಲೆಯಿಂದ ಜಾರಿಹೋಗಿತ್ತು.

ಬೆಳಿಗ್ಗೆ ಗರ್ಜನೆ ಕೇಳಿ ಊರೆಲ್ಲ ಎದ್ದಿತು. ಬದುವಿನ ಕಂಡಿಯಲ್ಲಿ ಚಿರತೆ ಸಿಕ್ಕಿಬಿದ್ದಿತ್ತು. ಸೊಂಟಕ್ಕೆ ತಂತಿ ಬಿಗಿದು ಚರ್ಮ ಸೀಳಿತ್ತು. ದೂರದಿಂದ ನೋಡಿದ ಬಸಮ್ಮನಿಗೆ ಅಳು ಬಂದುಬಿಟ್ಟಿತು. ರಾತ್ರಿಯೇ ಬಾಯಿ ಬಿಟ್ಟಿದ್ದರೆ ಆ ತಂತಿ ಅಲ್ಲಿರುತ್ತಲೇ ಇರಲಿಲ್ಲ. ತನ್ನ ಮಾನ ಉಳಿಸಿಕೊಳ್ಳಲು ಅದರ ಮೈ ಸೀಳಿಸಿದೆನಲ್ಲ ಎಂದು ಎದೆ ಬಡಿದುಕೊಂಡಳು. ದೊಣ್ಣೆ ಹಿಡಿದು ಬಂದ ಹುಡುಗರನ್ನು ತಾನೇ ಅಡ್ಡಗಟ್ಟಿ, ಶಿಲ್ಪಶ್ರೀಗೆ ಫೋನು ಮಾಡಿಸಿದಳು. ಮಧ್ಯಾಹ್ನದೊಳಗೆ ಡಾಕ್ಟರು ಬಂದು ಮದ್ದಿನ ಸೂಜಿ ಹೊಡೆದು ಮಲಗಿಸಿ, ತಂತಿ ಕತ್ತರಿಸಿ, ಹೊಲಿಗೆ ಹಾಕಿದರು. ಹೆಣ್ಣು ಚಿರತೆ, ಬದುಕುತ್ತದೆ ಎಂದರು. ಇಪ್ಪತ್ತು ದಿನ ಇಟ್ಟುಕೊಂಡು ವಾಸಿ ಮಾಡಿ ಹಿರೇಕಲ್ ಗುಡ್ಡದ ಕಡೆ ಬಿಟ್ಟರು.

ಇತ್ತ ತಂತಿ ಯಾರದ್ದು ಎನ್ನುವ ಪ್ರಶ್ನೆ ಎದ್ದಿತು. ಊರಿನಲ್ಲಿ ಕೆಲವರು "ಯಾರ ಮನೆ ಗಂಟು ಹೋಯ್ತು ಅಂತ ಕೇಸು? ಚಿರ್ತೆ ಬಂದು ದೂರು ಕೊಟ್ಟದಾ?" ಎಂದರು. ಶಿಲ್ಪಶ್ರೀ ಅದಕ್ಕೆ, "ಅದು ಬಂದು ದೂರು ಕೊಡೋಕಾಗಲ್ಲ, ಅದಕ್ಕೇ ನಾವು ಕೊಡಬೇಕು. ಆ ತಂತಿಗೆ ಹಂದಿ ಯಾವುದು, ಚಿರತೆ ಯಾವುದು, ನಿಮ್ಮ ಮನೆ ಮಗು ಯಾವುದು ಅಂತ ಗೊತ್ತಾಗುತ್ತೇನ್ರೀ?" ಎಂದಳು.

ಚನ್ನೇಶನನ್ನು ಕೇಳಿದರೆ ಅವನು ನ್ಯೂಟ್ರಲ್ಲಿನಿಂದ ಸೀದಾ ಗೇರಿಗೆ ಬಿದ್ದ. "ಬದು ಇಬ್ರಿಗೂ ಸೇರಿದ್ದು ಮೇಡಂ. ಉರುಳು ಹಾಕೋನು ಆ ಕಡೆ ತೋಟದ ದ್ಯಾವಯ್ಯ" ಎಂದುಬಿಟ್ಟ. ದ್ಯಾವಯ್ಯನನ್ನು ಜೀಪಿನಲ್ಲಿ ಕೂರಿಸಿಕೊಂಡು ರೇಂಜ್ ಆಫೀಸಿಗೆ ಹೋದರು. ವಿಷಯ ತಿಳಿದ ಬಸಮ್ಮ ಆಟೋ ಹತ್ತಿ ಹಿಂದೆಯೇ ಹೋದಳು. "ಇಟ್ಟೋನು ಚನ್ನೇಶ. ನನ್ ಎರಡು ಕಣ್ಣಿಂದ ನೋಡಿದೀನಿ" ಎಂದು ಹೇಳಿಕೆ ಕೊಟ್ಟಳು. ಎಲ್ಲಿಂದ ನೋಡಿದಿರಿ ಎಂದು ಶಿಲ್ಪಶ್ರೀ ಕೇಳಿದಾಗ "ನಮ್ಮ ತೋಟದಿಂದ" ಎಂದಳು. ತೋಟದಲ್ಲಿ ಎಲ್ಲಿ ಎಂದದ್ದಕ್ಕೆ "ತೋಟ ಅಂದ್ರೆ ತೋಟ ಕಣಮ್ಮ" ಎಂದಳು. ಶಿಲ್ಪಶ್ರೀ ಅಷ್ಟನ್ನೇ ಬರೆದುಕೊಂಡಳು. ಸಂಜೆಗೆ ದ್ಯಾವಯ್ಯ ಮನೆಗೆ ಬಂದ. ಅಲ್ಲಿ ಏನು ಕೇಳಿದರು ಎಂದರೆ "ಏನೋ ಕೇಳುದ್ರು, ಏನೋ ಹೇಳ್ದೆ" ಎಂದು ನೀರು ಕಟ್ಟಲು ಹೋದ.

ಆಶ್ಚರ್ಯವೆಂದರೆ ಬೋನಿನ ಸುದ್ದಿ ಡೈರಿಗೆ ಬರಲಿಲ್ಲ. ಒಂದು ವಾರ ಬರಲಿಲ್ಲ, ಒಂದು ವರ್ಷ ಬರಲಿಲ್ಲ. ಬಸಮ್ಮನಿಗೆ ಉಳಿದದ್ದು ಒಂದೇ ಚಾಳಿ. ಯಾವ ಬಾಗಿಲು ದಾಟುವಾಗಲೂ ಒಮ್ಮೆ ತಲೆ ಎತ್ತಿ ಮೇಲೆ ನೋಡುತ್ತಾಳೆ. ಹಳೇಬೀಡಿನ ಬೀಗರ ಮನೆಯಲ್ಲೂ ಹಾಗೆ ನೋಡಿದ್ದಕ್ಕೆ, "ಜೇಡರಬಲೆ ಹುಡುಕ್ತಾರೆ ಬೀಗಿತ್ತಿ" ಎಂದು ಅವರು ಅಪಾರ್ಥ ಮಾಡಿಕೊಂಡರು.

ಕೇಸು ಅರಸೀಕೆರೆ ಕೋರ್ಟಿನಲ್ಲಿ ನಡೆಯಿತು. ಸಾಕ್ಷಿಗೆ ಕರೆ ಬಂದದ್ದು ಹೋದ ವರ್ಷ ಶ್ರಾವಣದಲ್ಲಿ. ಬೆಳಿಗ್ಗೆ ಸರ್ಕಾರಿ ವಕೀಲರು ಬಸಮ್ಮನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು: "ಅಮ್ಮಾ, ಕಣ್ಣಾರೆ ನೋಡಿದವರು ನೀವೊಬ್ಬರೇ. ನಿಮ್ಮ ಮಾತು ನಿಂತರೆ ಚನ್ನೇಶನಿಗೆ ಶಿಕ್ಷೆ. ನಿಮ್ಮ ಮಾತು ಸುಳ್ಳು ಅಂತ ಆದರೆ ಅವನು ಬಿಡುಗಡೆ, ಬೆರಳು ಮತ್ತೆ ದ್ಯಾವಯ್ಯನ ಕಡೆಗೆ ತಿರುಗುತ್ತೆ." ಊರಿನಿಂದ ಹದಿನೈದು ಜನ ನೋಡಲು ಬಂದಿದ್ದರು. ಹಳೇ ಪಂಚಾಂಗ ರಜೆ ಹಾಕಿ ಬಂದಿದ್ದ. ಮುಂದಿನ ಸಾಕ್ಷಿ ದ್ಯಾವಯ್ಯನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿದ್ದರು, ಒಳಗಿನ ಮಾತು ಅವನಿಗೆ ಕೇಳುವಂತಿರಲಿಲ್ಲ.

ಸಾಕ್ಷಿ ಕಟಕಟೆ ಹತ್ತುವ ಮುಂಚೆ ಬಸಮ್ಮ ತಲೆ ಎತ್ತಿ ಮೇಲೆ ನೋಡಿದಳು. ಬಾಗಿಲಿರಲಿಲ್ಲ. ಹತ್ತಿದಳು.

ಚನ್ನೇಶನ ವಕೀಲರು ಬಹಳ ಮರ್ಯಾದೆಯ ಮನುಷ್ಯ. ನಗುತ್ತಲೇ ಶುರು ಮಾಡಿದರು.

"ಅಮ್ಮಾ, ನೀವು ತೋಟದಲ್ಲಿ ಎಲ್ಲಿ ನಿಂತಿದ್ದಿರಿ?"

"ನಿಂತಿರ್ಲಿಲ್ಲ. ಕೂತಿದ್ದೆ."

"ಎಷ್ಟು ಹೊತ್ತು?"

"ಒಂದು ಗಂಟೆ."

"ಹಬ್ಬದ ದಿನ, ಮನೆ ತುಂಬ ನೆಂಟರು, ಚಿರತೆ ಓಡಾಡುವ ತೋಟ. ಅಲ್ಲಿ ಒಂದು ಗಂಟೆ ಕೂತು ಏನು ಮಾಡ್ತಿದ್ರಿ?"

ಬಸಮ್ಮ ಸೆರಗು ಸರಿ ಮಾಡಿಕೊಂಡಳು. ಅವಳು ಮಾತಿಗೆ ತಡಕಾಡಿದ್ದನ್ನು ಊರಿನವರು ಕಂಡದ್ದು ಅದೇ ಮೊದಲು. ವಕೀಲರು ಒಂದು ನಕ್ಷೆ ತೆಗೆದು ನ್ಯಾಯಾಧೀಶರಿಗೆ ತೋರಿಸಿದರು. ಕಂಡಿಯ ಸುತ್ತ ಲಂಟಾನ, ತೋಟದ ದಾರಿಯಿಂದ ಏನೂ ಕಾಣುವುದಿಲ್ಲ, ಕಾಣುವುದಾದರೆ ಮೇಲಿನ ಬಂಡೆಯಿಂದ ಮಾತ್ರ, ಆ ಬಂಡೆಯ ಹತ್ತಿರ ಇದ್ದದ್ದು ಚಿರತೆಯ ಬೋನು. "ಅಲ್ಲಿಗೆ ಆ ಹೊತ್ತಿನಲ್ಲಿ ಬುದ್ಧಿ ಇರುವ ಯಾರೂ ಹೋಗಲ್ಲ ಸ್ವಾಮಿ" ಎಂದರು. ಆಮೇಲೆ ಇನ್ನೊಂದು ಕಾಗದ ಎತ್ತಿಕೊಂಡರು.

"ಇದು ರೇಂಜ್ ಆಫೀಸಿನಲ್ಲಿ ದ್ಯಾವಯ್ಯ ಕೊಟ್ಟ ಹೇಳಿಕೆ. ಸಂಜೆ ಆರರಿಂದ ಏಳರವರೆಗೆ ಎಲ್ಲಿದ್ದೆ, ಏನು ಮಾಡ್ತಿದ್ದೆ ಅಂತ ಐದು ಸಲ ಕೇಳಿದ್ದಾರೆ. ಐದು ಸಲವೂ ಒಂದೇ ಉತ್ತರ. 'ಹೇಳಂಗಿಲ್ಲ, ಮಾತು ಕೊಟ್ಟಿದೀನಿ.' ಜೈಲಿಗೆ ಹಾಕ್ತೀವಿ ಅಂದಾಗಲೂ 'ಹಾಕ್ರಿ, ಹೇಳಂಗಿಲ್ಲ.' ಏನು ಮುಚ್ಚಿಡ್ತಿದ್ದ ಈ ಮನುಷ್ಯ? ಉರುಳು ಇಟ್ಟವನು ಇವನೇ. ಇವನನ್ನು ಉಳಿಸೋಕೆ ಈ ತಾಯಿ ಕಥೆ ಕಟ್ಟಿದ್ದಾರೆ."

ಬಸಮ್ಮ ಕಟಕಟೆಯ ಮರವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇದು ಅವಳಿಗೆ ಗೊತ್ತೇ ಇರಲಿಲ್ಲ. ಮೂರು ವರ್ಷ! ಒಂದು ಗಂಟೆ ಸುಮ್ಮನಿರಲಾರದ ಮನುಷ್ಯ ಮೂರು ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತಿರುಗಿದ್ದಾನೆ. ಒಂದೇ ಮಾತಿನಲ್ಲಿ ತಪ್ಪಿಸಿಕೊಳ್ಳಬಹುದಾಗಿತ್ತು, "ಅಮ್ಮೋರನ್ನ ಬೋನಿಂದ ಬಿಡಿಸ್ತಿದ್ದೆ" ಅಂದಿದ್ದರೆ ಅಂದೇ ಮುಗಿಯುತ್ತಿತ್ತು. ಅವಳ ಮಾನಕ್ಕಾಗಿ ಅವನು ಜೈಲಿಗೆ ಹೊರಟು ನಿಂತಿದ್ದ. ಹಿಂದೆ ತಿರುಗಿ ಊರಿನ ಹದಿನೈದು ಮುಖವನ್ನೂ ಒಂದು ಸಲ ನೋಡಿದಳು.

"ಸ್ವಾಮಿ," ಎಂದಳು ನ್ಯಾಯಾಧೀಶರಿಗೆ, "ನಾನು ಬೋನೊಳಗಿದ್ದೆ."

"ಏನಂದ್ರಿ?" ಎಂದರು ನ್ಯಾಯಾಧೀಶರು.

"ಚಿರ್ತೆ ಬೋನೊಳಗೆ ಸ್ವಾಮಿ. ತಟ್ಟೆಗೆ ಬೊಟ್ಟಿಡಕ್ಕೆ ಹೋದೆ. ಬಾಗ್ಲು ಬಿತ್ತು. ನಾಚ್ಕೆಗೆ ಕೂಗ್ಲಿಲ್ಲ. ಅಲ್ಲಿಂದ್ಲೇ ನೋಡಿದ್ದು. ಚನ್ನೇಶ ಗೂಟಕ್ಕೆ ಕುಂಕುಮ ಇಟ್ಟು ಚೆಂಡುಹೂ ಸಿಗಿಸಿ ಕೈ ಮುಗುದ. ನಾನು ಬೋನಿಗೆ ಇಟ್ಟೆ, ಅವ್ನು ಉರುಳಿಗೆ ಇಟ್ಟ. ಬಾಗ್ಲೆತ್ತಿ ನನ್ನ ಬಿಡಿಸಿದ್ದು ದ್ಯಾವಯ್ಯ. ಅದನ್ನೇ ಹೇಳಂಗಿಲ್ಲ ಅಂದಿರೋದು ಅವ್ನು. ನಾನೇ ವಿಭೂತಿ ಮುಟ್ಸಿ ಆಣೆ ಹಾಕ್ಸಿದ್ದೆ."

ಮೊದಲು ನಕ್ಕದ್ದು ಹಳೇ ಪಂಚಾಂಗ. ಆಮೇಲೆ ಸ್ಟೆಪ್ನಿ. ಆಮೇಲೆ ಇಡೀ ಕೋರ್ಟು. ಟೈಪ್ ಮಾಡುತ್ತಿದ್ದ ಹೆಣ್ಣುಮಗಳು ಮೇಜಿಗೆ ತಲೆ ಕೊಟ್ಟು ನಕ್ಕಳು. ನ್ಯಾಯಾಧೀಶರು ಸದ್ದು, ಸದ್ದು ಎಂದು ಮೇಜು ಕುಟ್ಟಿ, ತಾವೇ ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಗಂಭೀರವಾಗಿ ಕಡತ ತಿರುವಿದರು. ಚಿರತೆ ಸಿಕ್ಕಿಬಿದ್ದ ಬೆಳಿಗ್ಗೆ ಬರೆದ ಮಹಜರಿನಲ್ಲಿ ಗೂಟದ ಕುಂಕುಮವೂ ಹೂವೂ ಇದ್ದವು. ಅದರ ಕೆಳಗೆ ಕರಿಬಸವಯ್ಯನ ವರದಿ: "ಬೋನಿನ ಬಾಗಿಲು ತಾನಾಗಿ ಬಿದ್ದಿತ್ತು. ಒಳಗಿನ ತಟ್ಟೆಯ ಮೇಲೆ ಕುಂಕುಮ ಕಂಡುಬಂದಿದ್ದು, ಕಾರಣ ತಿಳಿದಿಲ್ಲ."

"ಕಾರಣ ಈಗ ತಿಳೀತು" ಎಂದರು ನ್ಯಾಯಾಧೀಶರು. ವಕೀಲರು ನಕ್ಷೆ ಮಡಿಚಿಟ್ಟರು.

ನಿಜವಾದ ತಮಾಷೆ ಆಮೇಲೆ ನಡೆಯಿತು. ಹೊರಗಿದ್ದ ದ್ಯಾವಯ್ಯನಿಗೆ ಇದೊಂದೂ ಗೊತ್ತಿಲ್ಲ. ಕರೆದಾಗ ಬಂದ, ಕಟಕಟೆ ಹತ್ತಿದ, ಟವೆಲ್ಲು ಕಂಕುಳಿಗೆ ಸೇರಿಸಿ ನಿಂತ. ಸರ್ಕಾರಿ ವಕೀಲರು ಆವತ್ತು ಸಂಜೆ ಎಲ್ಲಿದ್ದೆ ಎಂದು ಕೇಳಿದರು.

"ಹೇಳಂಗಿಲ್ಲ ಸ್ವಾಮಿ."

ಹಿಂದಿನ ಬೆಂಚಿನಲ್ಲಿ ಮತ್ತೆ ನಗು ಎದ್ದಿತು. ದ್ಯಾವಯ್ಯ ಬೆದರಿದ. ಆದರೂ ಎದೆ ಸೆಟೆಸಿದ. "ತಲೆ ತೆಗುದ್ರೂ ಹೇಳಾಕಿಲ್ಲ" ಎಂದ.

"ನಿಮ್ಮ ಅಮ್ಮೋರು ಆಗಲೇ ಹೇಳಿಬಿಟ್ಟಿದ್ದಾರೆ ಕಣಯ್ಯ" ಎಂದರು ನ್ಯಾಯಾಧೀಶರು.

ಅವನು ನಂಬಲಿಲ್ಲ. ತಿರುಗಿ ಬಸಮ್ಮನನ್ನು ಹುಡುಕಿದ. ಅವಳು ಮೊದಲ ಸಾಲಿನಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾ ಕೂತಿದ್ದಳು. ಹೌದು ಎಂದು ತಲೆ ಆಡಿಸಿದಳು. ದ್ಯಾವಯ್ಯ ಒಂದು ಸಲ ಉಸಿರೆಳೆದುಕೊಂಡ. ಆಮೇಲೆ ಮೂರು ವರ್ಷದ ಕಟ್ಟೆ ಒಡೆಯಿತು! ಬ್ಯಾಟರಿ ಬಿದ್ದದ್ದು, ಬೋನು ಪಿಸುಗುಟ್ಟಿದ್ದು, ಊದುಬತ್ತಿ ಎಷ್ಟು ಉರಿದಿತ್ತು, ಬಾಗಿಲು ಎಷ್ಟು ಭಾರವಿತ್ತು, ಎಲ್ಲ ಬಂತು. ಬೇಡ, ಸಾಕು ಎಂದು ನ್ಯಾಯಾಧೀಶರು ಎರಡು ಸಲ ಹೇಳಿದರೂ ನಿಲ್ಲಲಿಲ್ಲ. ಕೊನೆಗೆ ಜವಾನ ಕೈ ಹಿಡಿದು ಇಳಿಸಿದ.

ತೀರ್ಪಿನ ಮಾತು ಇಲ್ಲೇ ಹೇಳಿಬಿಡೋಣ. ಎರಡು ತಿಂಗಳ ಮೇಲೆ ಚನ್ನೇಶನಿಗೆ ಮೂರು ವರ್ಷ ಜೈಲು ಆಯಿತು, ಅವನು ಮೇಲಿನ ಕೋರ್ಟಿಗೆ ಹೋಗಿದ್ದಾನೆ. ಬಸಮ್ಮ ಅದಕ್ಕೆ ಕುಣಿಯಲಿಲ್ಲ. ಅವನು ಊರಿನಲ್ಲಿಲ್ಲದ ದಿನ ಅವನ ತೋಟಕ್ಕೂ ನೀರು ಬಿಡುವಂತೆ ದ್ಯಾವಯ್ಯನಿಗೆ ಅವಳೇ ಹೇಳಿದ್ದಾಳೆ. ಹಿರೇಕಲ್ ಕಡೆ ಸೊಂಟದ ಮೇಲೆ ಗೆರೆಯಿರುವ ಹೆಣ್ಣು ಚಿರತೆಯೊಂದು ಎರಡು ಮರಿಗಳ ಜೊತೆ ಕಂಡಿತೆಂದು ಶಿಲ್ಪಶ್ರೀ ಫೋನು ಮಾಡಿದಾಗ ಮಾತ್ರ ಬಸಮ್ಮ ಮನೆಯಲ್ಲಿ ಪಾಯಸ ಮಾಡಿದಳು. ಯಾಕೆಂದು ಯಾರಿಗೂ ಹೇಳಲಿಲ್ಲ.

ಆ ದಿನ ಕೋರ್ಟಿನಿಂದ ಎಲ್ಲರೂ ಒಂದೇ ಬಸ್ಸಿನಲ್ಲಿ ಹೊರಟರು. ಬಸಮ್ಮ ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂತಳು, ಪಕ್ಕದಲ್ಲಿ ಕಲ್ಲೇಶಪ್ಪನವರು. ಊರಿನವರು ಮೂವತ್ತು ವರ್ಷ ಕಾದ ಗಳಿಗೆ ಬಂದಿತ್ತು. ಬೋನ್ ಬಸಮ್ಮ ಅನ್ನೋಣವೇ, ಚಿರತಮ್ಮ ಅನ್ನೋಣವೇ ಎಂದು ಹಿಂದೆ ಚರ್ಚೆ ನಡೆದಿತ್ತು. ಬಸ್ಸು ಅರಸೀಕೆರೆ ದಾಟಿದ ಮೇಲೆ ಕಲ್ಲೇಶಪ್ಪನವರು ಬಹಳ ಯೋಚಿಸಿ ಕೇಳಿದರು.

"ಒಂದು ಗಂಟೆ? ಬಾಯ್ ಮುಚ್ಕಂಡೇ ಕೂತಿದ್ಯಾ?"

ಮ್ಯೂಟು ಮಾತಾಡಿದ್ದಕ್ಕೂ, ಆಡಿದ ಮಾತಿಗೂ ಸೇರಿ ಬಸ್ಸು ಹೋ ಎಂದಿತು. ಬಸಮ್ಮನಿಗೆ ತಡೆಯಲಾಗಲಿಲ್ಲ, ಅವಳೂ ನಕ್ಕಳು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಮೂರು ವರ್ಷ ಹೆದರಿದ್ದು ಇಷ್ಟಕ್ಕೇನಾ ಅನ್ನಿಸಿತು. ಆಮೇಲೆ ದ್ಯಾವಯ್ಯನನ್ನು ಕರೆದಳು.

"ನಿನ್ನ ರೇಡಿಯೋ ಅಂದ ಬಾಯಿಗೆ ಮಣ್ಣು ಹಾಕ. ಇನ್ಮೇಲೆ ಯಾರಾದ್ರೂ ಆ ಹೆಸ್ರು ಹಿಡ್ದು ಕರುದ್ರೆ ನನ್ನತ್ರ ಕಳ್ಸು." ಅವಳು ಇಟ್ಟ ಹೆಸರನ್ನು ವಾಪಸು ತೆಗೆದುಕೊಂಡದ್ದು ಅದೊಂದೇ.

ದ್ಯಾವಯ್ಯ ಕಂಬಿ ಹಿಡಿದು ಬಗ್ಗಿ, ಮೆಲ್ಲಗೆ ಕೇಳಿದ. "ಅಮ್ಮೋರೇ, ಕೋರ್ಟಲ್ಲಿ ಅರ್ಧಕ್ಕೇ ಇಳ್ಸ್‌ಬಿಟ್ರು. ಇವ್ರಿಗೆಲ್ಲ ಪೂರ್ತಿ ಹೇಳ್ಬೋದಾ?"

"ಹೇಳು."

ಅವನು ನಡುವೆ ನಿಂತು ಗಂಟಲು ಸರಿ ಮಾಡಿಕೊಂಡು ಶುರು ಮಾಡಿದ. "ನಾನು ಪಂಪ್ ಆಫ್ ಮಾಡಕ್ಕೆ ಹೋದ್ನಾ, ಬೋನು ಕರೀತು, ದ್ಯಾವಯ್ಯಾ ಅಂತ..."

ಬಸಮ್ಮ ಸೀಟಿನಲ್ಲಿ ಪೂರ್ತಿ ಹಿಂದಕ್ಕೆ ತಿರುಗಿ ಕೂತಳು.

"ಜೋರಾಗಿ ಹೇಳಯ್ಯ" ಎಂದಳು. "ಹಿಂದಿನ ಸೀಟೋರಿಗೆ ಕೇಳಿಸ್ತಿಲ್ಲ."